ಪರೀಕ್ಷೆ ಮುಗಿಯಲಿ ಅಂತ ಕಾಯಬೇಕಾ?

ಮೊನ್ನೆ ಶಿರಸಿ ಪೇಟೆಯಲ್ಲಿ ಪರಿಚಯದ ಅಕ್ಕ ಒಬ್ಬರು ಸಿಕ್ಕಿದ್ದರು. ಗಂಡನಿಂದ ಬೇರೆಯಾಗುವುದು ಅಂತ ತೀರ್ಮಾನ ಆಗಿದೆ, ಮಗಳು ಒಂಬತ್ತನೇ ಕ್ಲಾಸು. "ಅವಳ ಎಸ್ಸೆಸ್ಸೆಲ್ಸಿ ಮುಗಿಯೋವರೆಗೆ ಹೇಗಾದ್ರೂ ತಡ್ಕೊಳ್ಳೋದೇ ಒಳ್ಳೇದು, ಅಲ್ವಾ?" ಅಂತ ಕೇಳಿದರು. ನನ್ನನ್ನೇ ಯಾಕೆ ಕೇಳಿದರು ಅಂತ ಗೊತ್ತು. ನನ್ನ ಅಪ್ಪ, ಆಯಿ ಬೇರೆಯಾಗಿದ್ದೂ ನಾನು ಒಂಬತ್ತರಲ್ಲಿದ್ದಾಗಲೇ.

ನಾನು ಓದಿನಲ್ಲಿ ಹಿಂದೆ ಬಿದ್ದಿದ್ದು ಆ ಡೈವೋರ್ಸಿನಿಂದ ಅಂತ ನೆಂಟರ ಲೆಕ್ಕ. ಮಾರ್ಕ್ಸ್ ಕಾರ್ಡು ಬೇರೆಯೇ ಹೇಳುತ್ತದೆ. ಗಣಿತದಲ್ಲಿ ಏಳನೇ ಕ್ಲಾಸಿಗೆ 88 ಇತ್ತು, ಎಂಟರ ಕೊನೆಗೆ 46. ಆಗ ಇಬ್ಬರೂ ಒಂದೇ ಮನೆಯಲ್ಲಿದ್ದರು! ರಾತ್ರಿ ಊಟ ಆದಮೇಲೆ ಶುರುವಾದ ಜಗಳ ಹನ್ನೆರಡಾದರೂ ಮುಗಿಯುತ್ತಿರಲಿಲ್ಲ. ನಾನು ಹೊರಗಿನ ಕೋಣೆಯಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು ಒಂದೇ ಲೆಕ್ಕವನ್ನು ನೋಡುತ್ತಾ ಕೂತಿರುತ್ತಿದ್ದೆ, ಒಳಗೆ ಕೂಗಾಟ ನಿಂತರೆ ಇನ್ನೂ ಜಾಸ್ತಿ ಹೆದರಿಕೆ, ಏನಾಯ್ತೋ ಅಂತ. ಬೆಳಿಗ್ಗೆ ಮೊದಲ ಪೀರಿಯಡ್ಡೇ ಗಣಿತ. ತೂಕಡಿಕೆ.

ಅಪ್ಪ ಕಾರವಾರಕ್ಕೆ ಹೋದಮೇಲೆ ಮನೆ ತಣ್ಣಗಾಯಿತು. ಕಷ್ಟ ಇರಲಿಲ್ಲ ಅಂತಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಕೂಡಲೇ ಬಸ್ಸು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಕತ್ತಲೆ. ಭಾನುವಾರ ವಾಪಸ್. ಇದರಲ್ಲಿ ಕಂಪಾಸ್ ಬಾಕ್ಸು ಯಾವಾಗಲೂ ಇನ್ನೊಂದು ಮನೆಯಲ್ಲೇ ಉಳಿಯುತ್ತಿತ್ತು. "ಎಲ್ಲಿ ಬಾಕ್ಸು?" ಅಂತ ಸರ್ ಬೆಂಚಿನ ಮೇಲೆ ನಿಲ್ಲಿಸಿದರು. ಕಾರವಾರದಲ್ಲಿದೆ ಅಂದರೆ ಕಾರವಾರ ಯಾಕೆ ಅಂತ ಕೇಳುತ್ತಾರೆ, ಇಡೀ ಕ್ಲಾಸು ಕೇಳಿಸಿಕೊಳ್ಳುತ್ತದೆ. ಮರೆತೆ ಸರ್ ಅಂದೆ. ಸೋಮಾರಿ ಅಂತ ಹೆಸರು ಬಂತು. ಅದು ಪರವಾಗಿಲ್ಲ, "ಪಾಪ" ಅನ್ನುವವರ ಕಾಟವೇ ಜಾಸ್ತಿ.

ಆದರೂ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 79 ಬಂತು, ಒಟ್ಟು 625ಕ್ಕೆ 498. ರಾತ್ರಿ ನಿದ್ದೆ ಬರುತ್ತಿತ್ತು, ಅಷ್ಟೇ ಗುಟ್ಟು.

ಆಮೇಲೆ ಈ ಬಗ್ಗೆ ಸ್ವಲ್ಪ ಓದಿದೆ. ಅಮೆರಿಕದ ಪಾಲ್ ಅಮಾಟೊ, ಬ್ರೂಸ್ ಕೀತ್ ಅನ್ನುವವರು 1991ರಲ್ಲಿ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ವಿಚ್ಛೇದನ ಆದವರ ಮಕ್ಕಳು ಓದಿನಲ್ಲಿ ಸರಾಸರಿ ಸ್ವಲ್ಪ ಹಿಂದೆ ಇದ್ದದ್ದು ನಿಜ, ಆದರೆ ಜನ ಅಂದುಕೊಂಡಷ್ಟು ದೊಡ್ಡ ಅಂತರ ಅಲ್ಲ. ಒಟ್ಟಿಗೇ ಇದ್ದು ದಿನಾ ಕಿತ್ತಾಡುವವರ ಮಕ್ಕಳ ಪರಿಸ್ಥಿತಿಯೂ ಚೆನ್ನಾಗಿರಲಿಲ್ಲ. ಹಾಗಂತ ಎಲ್ಲಾ ಮನೆಯೂ ನಮ್ಮ ಮನೆಯಲ್ಲ. ಜಗಳವೇ ಕಾಣದ ಮನೆ ಏಕಾಏಕಿ ಒಡೆದರೆ ಮಗುವಿಗೆ ಸಿಡಿಲು ಬಡಿದ ಹಾಗೆ.

ಆ ಅಕ್ಕನ ಲೆಕ್ಕದಲ್ಲಿ ಇನ್ನೊಂದು ತಪ್ಪಿತ್ತು. ಹಿಂದೂ ವಿವಾಹ ಕಾಯ್ದೆಯ 13-ಬಿ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕಾದರೂ ಮೊದಲು ಒಂದು ವರ್ಷ ಬೇರೆ ಇರಬೇಕು. ಆಮೇಲೆ ಮತ್ತೆ ಆರು ತಿಂಗಳು. (ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.) ಎಸ್ಸೆಸ್ಸೆಲ್ಸಿ ಮುಗಿದಮೇಲೆ ಶುರುಮಾಡಿದರೆ ಎಲ್ಲಾ ಸರಿಯಾಗಿ ಸೆಕೆಂಡ್ ಪಿಯುಸಿ ಹೊತ್ತಿಗೆ ಬಂದು ಕೂರುತ್ತದೆ.

ಇದನ್ನೇ ಹೇಳಿದೆ. ಮಗಳಿಗೆ ವಿಷಯ ಗೊತ್ತಾ ಅಂತ ಕೇಳಿದರೆ, "ಇಲ್ಲಪ್ಪಾ, ಅವಳ ಮುಂದೆ ನಾವು ಮಾತೇ ಆಡಲ್ಲ" ಅಂದರು. ಗೋಡೆಗೆ ಕಿವಿ ಹಚ್ಚಿ ಕೂತಿರುತ್ತಾಳೆ ಅಕ್ಕಾ, ಇವತ್ತೇ ಹೇಳಿಬಿಡಿ ಅಂದೆ. ಮತ್ತೆ ಕಂಪಾಸ್ ಬಾಕ್ಸ್ ಎರಡು ತಗೊಳ್ಳಿ, ಒಂದೊಂದು ಮನೆಗೆ ಒಂದೊಂದು. ತಮಾಷೆ ಅಂದುಕೊಂಡು ನಕ್ಕರು.