ರಾಗಿಗೆ ಮುಂಚೆ ಸೆಣಬು, ಅಲಸಂದೆ

ಕೋಲಾರದ ಕಡೆ ಮುಂಗಾರು ಶುರುವಾದರೆ ಸಾಕು, ಎಲ್ಲರ ಹೊಲದಲ್ಲೂ ರೋಟವೇಟರ್ ಸದ್ದು, ಅಂದರೆ ಬ್ಲೇಡು ತಿರುಗಿಸಿ ಮಣ್ಣು ಪುಡಿ ಮಾಡುವ ಯಂತ್ರ. ಮಣ್ಣು ರವೆ ಥರ ನುಣ್ಣಗಾದರೇನೇ ಚೆನ್ನಾಗಿ ಉತ್ತ ಹಾಗೆ, ಅಲ್ವಾ? ಆದರೆ ನಮ್ಮದು ಕೆಂಪು ಮಣ್ಣು. ಅಷ್ಟು ಪುಡಿ ಮಾಡಿದ ಮೇಲೆ ಒಂದು ಜೋರು ಮಳೆ ಬಿದ್ದರೆ ಮೇಲೆ ಹಕ್ಕಳೆ ಕಟ್ಟುತ್ತದೆ. ರಾಗಿ ಮೊಳಕೆ ಅದನ್ನು ಸೀಳಿಕೊಂಡು ಬರುವುದೇ ಕಷ್ಟ. ಬ್ಲೇಡು ತಿರುಗಿದ ಆಳದ ಕೆಳಗೆ ಇನ್ನೊಂದು ಗಟ್ಟಿ ಪದರ. ನೀರೂ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ.

ಅದಕ್ಕೇ ನಮ್ಮ ಮೇಲಿನ ಹೊಲಕ್ಕೆ ಈಗ ಒಂದೇ ಸಲ ಕಲ್ಟಿವೇಟರ್ ಹೊಡೆಸುತ್ತೇನೆ, ಅದು ಮಣ್ಣನ್ನು ಅಷ್ಟು ಪುಡಿ ಮಾಡದೆ ಗೀರುತ್ತದೆ. ಮೇ ತಿಂಗಳ ಮಳೆಗೆ ಸೆಣಬು, ಅಲಸಂದೆ ಬೆರೆಸಿ ಚೆಲ್ಲಿ, ಸೆಣಬು ಹೂ ಬಿಡುವ ಹೊತ್ತಿಗೆ ಕೊಯ್ದು, ರಾಗಿಗೆ ಮುಂಚೆ ಮಣ್ಣಿಗೆ ಹೊದಿಕೆಯಾಗಿ ಅಲ್ಲೇ ಹಾಸುವುದು. ತಡ ಮಾಡಿದರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಒಂದು ಅಲಸಂದೆ ಗಿಡ ನಿಧಾನಕ್ಕೆ ಕಿತ್ತು ನೋಡಿ. ಬೇರಿನ ಮೇಲೆ ಸಣ್ಣ ಗಂಟುಗಳಿರುತ್ತವೆ. ಉಗುರಲ್ಲಿ ಒಡೆದರೆ ಒಳಗೆ ಕೆಂಪಗಿರಬೇಕು. ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಇಳುವರಿ? ಮೊದಲ ವರ್ಷ ಏನೂ ಹೆಚ್ಚಲಿಲ್ಲ. ಉಳುಮೆ ಕಡಿಮೆಯಾದ್ದಕ್ಕೆ ಕಳೆ ಮಾತ್ರ ಜಾಸ್ತಿಯಾಯಿತು, ಕೂಲಿ ಕೊಟ್ಟು ಸಾಕಾಯಿತು. ವ್ಯತ್ಯಾಸ ಕಂಡಿದ್ದು ಮಳೆ ಕೈಕೊಟ್ಟ ವರ್ಷ. ಮೊದಲಿನ ಹಾಗೇ ಉತ್ತ ಕೆಳಗಿನ ಹೊಲದ ರಾಗಿ ಮಧ್ಯಾಹ್ನಕ್ಕೇ ಎಲೆ ಸುರುಳಿ ಸುತ್ತಿತ್ತು, ಮೇಲಿನದು ಸಂಜೆವರೆಗೂ ತಡೆಯಿತು. ಹಾಗಂತ ಮೇನಲ್ಲಿ ಮಳೆಯೇ ಬರದಿದ್ದರೆ ನಾನು ಚೆಲ್ಲುವುದಿಲ್ಲ. ಇರೋ ತೇವವನ್ನೂ ಅದೇ ಕುಡಿದುಬಿಟ್ಟರೆ ರಾಗಿಗೆ ಏನು ಉಳಿಯುತ್ತೆ?

“ಹಸುವಿಗೇ ಮೇವಿಲ್ಲ, ನೀನು ಹೊಲಕ್ಕೆ ಹಾಸ್ತೀಯಲ್ಲೋ” ಅಂತ ದೊಡ್ಡಪ್ಪ ಬೈಯುತ್ತಲೇ ಇರುತ್ತಾರೆ. ಅದೂ ನ್ಯಾಯವೇ. ಅರ್ಧ ಅಲಸಂದೆ ಈಗ ಕೊಟ್ಟಿಗೆಗೆ ಹೋಗುತ್ತದೆ.