ದ್ರಾಸ್ ಸ್ಮಾರಕಕ್ಕೆ ಇಪ್ಪತ್ತು ನಿಮಿಷ ಸಾಲದು, ಒಂದು ರಾತ್ರಿ ಉಳಿಯಿರಿ

ಶ್ರೀನಗರ–ಲೇಹ್ ಪ್ಯಾಕೇಜ್ ಮಾರುವವರೆಲ್ಲರ ಪಟ್ಟಿಯಲ್ಲೂ ‘ಕಾರ್ಗಿಲ್ ಯುದ್ಧ ಸ್ಮಾರಕ’ ಇದ್ದೇ ಇರುತ್ತದೆ. ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂದು ಕೇಳಿದರೆ ‘ಆರಾಮಾಗಿ ನೋಡಬಹುದು ಸರ್’ ಎಂಬ ಉತ್ತರ ಬರುತ್ತದೆ. ಗಾಡಿ ಅಲ್ಲಿಗೆ ಹೋಗಿ ನಿಂತ ಮೇಲೆ ಡ್ರೈವರ್ ಮೊಬೈಲಿನಲ್ಲಿ ಟೈಮ್ ತೋರಿಸಿ ‘ಬೀಸ್ ಮಿನಿಟ್’ ಅನ್ನುತ್ತಾನೆ. ಅಷ್ಟರಲ್ಲಿ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಧ್ವಜದ ಮುಂದೆ ಒಂದು ಫೋಟೊ ಹೊಡೆದು ವಾಪಸ್ ಬರಬಹುದು, ಅಷ್ಟೆ. ಸಂಜೆಯೊಳಗೆ ಕಾರ್ಗಿಲ್ ತಲುಪಬೇಕೆನ್ನುವ ಅವನನ್ನು ಬೈದು ಪ್ರಯೋಜನವಿಲ್ಲ. ಹೊತ್ತಿನ ವಿಷಯವನ್ನು ಶ್ರೀನಗರದಲ್ಲೇ, ಮುಂಗಡ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಹೆಸರು ನೋಡಿ ಮೋಸ ಹೋಗುವವರೂ ಇದ್ದಾರೆ. ಸ್ಮಾರಕ ಕಾರ್ಗಿಲ್ ಊರಿನಲ್ಲಿಲ್ಲ. ಶ್ರೀನಗರದಿಂದ ಹೊರಟರೆ ಸೋನಮಾರ್ಗ್, ಜೋಜಿಲಾ ಕಣಿವೆ ದಾರಿ, ಆಮೇಲೆ ದ್ರಾಸ್ ಪೇಟೆ ಸಿಗುತ್ತವೆ. ಪೇಟೆ ದಾಟಿ ಐದಾರು ಕಿ.ಮೀ. ಹೋದರೆ ಹೆದ್ದಾರಿಯ ಪಕ್ಕದಲ್ಲೇ, ತೋಲೋಲಿಂಗ್ ಬೆಟ್ಟದ ಬುಡದಲ್ಲಿ ಸ್ಮಾರಕವಿದೆ. ಕಾರ್ಗಿಲ್ ಊರು ಅಲ್ಲಿಂದ ಇನ್ನೂ ಐವತ್ತು ಕಿ.ಮೀ. ಮುಂದೆ. ‘ಸ್ಮಾರಕ ಹತ್ತಿರವಿದೆ’ ಎಂದು ನಂಬಿ ಕಾರ್ಗಿಲ್‌ನಲ್ಲಿ ಎರಡು ರಾತ್ರಿಗೆ ದುಡ್ಡು ಕಟ್ಟಿದವರು ಮರುದಿನ ಟ್ಯಾಕ್ಸಿ ಮಾಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕಾಗುತ್ತದೆ.

ಟ್ಯಾಕ್ಸಿಯಲ್ಲಿ ಇನ್ನೊಂದು ತಕರಾರಿದೆ. ‘ಸೋನಮಾರ್ಗ್ ನೋಡಿ ಬರುವುದು’ ಎಂದು ಮಾತಾಡಿ ಹಿಡಿದ ಶ್ರೀನಗರದ ಗಾಡಿ ಸೋನಮಾರ್ಗ್‌ನಲ್ಲೇ ನಿಂತುಬಿಡುತ್ತದೆ. ಮುಂದಕ್ಕೆ ಅಲ್ಲಿನ ಯೂನಿಯನ್ ಗಾಡಿಯನ್ನೇ ಹಿಡಿಯಬೇಕು, ಅವರು ಹೇಳಿದ್ದೇ ರೇಟು. ಮೊದಲೇ ‘ಕಾರ್ಗಿಲ್‌ಗೆ’ ಅಥವಾ ‘ಲೇಹ್‌ಗೆ’ ಎಂದು ಬುಕ್ ಮಾಡಿ, ದ್ರಾಸ್‌ನಲ್ಲಿ ಇಳಿಯುತ್ತೇವೆ ಎಂದು ಸೇರಿಸಿ. ಶೇರ್ ಸುಮೊದಲ್ಲಿ ಹೋಗುವವರು ದ್ರಾಸ್‌ನಲ್ಲಿ ಇಳಿದರೂ ಕಾರ್ಗಿಲ್‌ವರೆಗಿನ ಪೂರ್ತಿ ದುಡ್ಡು ಕೇಳುತ್ತಾರೆ ಎಂದುಕೊಂಡೇ ಹತ್ತಿ. ಹಿಂದಿನ ಸೀಟು ಮಾತ್ರ ಬೇಡ. ಜೋಜಿಲಾದಲ್ಲಿ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ, ಧೂಳೆಲ್ಲ ಹಿಂದಿನಿಂದಲೇ ಒಳಗೆ ನುಗ್ಗುತ್ತದೆ, ವಾಂತಿ ಮಾಡಿಕೊಳ್ಳುವವರು ಯಾವಾಗಲೂ ಅಲ್ಲೇ ಕೂತಿರುತ್ತಾರೆ. ನೂರಿನ್ನೂರು ಹೆಚ್ಚು ಕೊಟ್ಟಾದರೂ ನಡುವಿನ ಸಾಲು ಹಿಡಿಯಿರಿ.

ಜೋಜಿಲಾ 11,500 ಅಡಿಗೂ ಮೇಲಿದೆ. ಕಿರಿದಾದ ಕಣಿವೆ ದಾರಿ, ಮಳೆ ಬಂದರೆ ಕಲ್ಲು ಉರುಳುತ್ತವೆ. ಹಾಗಾಗಿ ಟ್ರಾಫಿಕ್ ಪೊಲೀಸರು ಎಷ್ಟೋ ದಿನ ಒಂದು ಹೊತ್ತಿಗೆ ಒಂದೇ ದಿಕ್ಕಿನ ಗಾಡಿಗಳನ್ನು ಬಿಡುತ್ತಾರೆ. ನಿಮ್ಮ ದಿಕ್ಕಿನ ಹೊತ್ತು ತಪ್ಪಿದರೆ ಅರ್ಧ ದಿನ ಸಾಲಿನಲ್ಲಿ ಕಾಯಬೇಕು. 2025ರ ಜನವರಿಯಲ್ಲಿ ತೆರೆದ ಸೋನಮಾರ್ಗ್ ಸುರಂಗದಿಂದ ಕಣಿವೆಗೆ ಮುಂಚಿನ ದಾರಿ ಮಾತ್ರ ಸಲೀಸಾಗಿದೆ, ಜೋಜಿಲಾದ ಸುರಂಗ ಬೇರೆ. ಜುಲೈ–ಆಗಸ್ಟ್‌ನಲ್ಲಿ ಅಮರನಾಥ ಯಾತ್ರೆಯ ಗಾಡಿಗಳೂ ಬಾಲ್ಟಾಲ್ ಶಿಬಿರದವರೆಗೆ ಇದೇ ರಸ್ತೆಯಲ್ಲಿ ಬರುತ್ತವೆ, ಅವಕ್ಕೇ ಮೊದಲ ಆದ್ಯತೆ. ಹಿಂದಿನ ಸಂಜೆಯೇ ಮರುದಿನದ ಟ್ರಾಫಿಕ್ ಆದೇಶ ನೋಡಿಕೊಂಡು ನಸುಕಿನಲ್ಲೇ ಹೊರಡಿ.

ಹಾಗಾದರೆ ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೇ ಹೋಗಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಹುತಾತ್ಮರ ಮನೆಯವರಾದರೆ, ಆ ಯುದ್ಧದಲ್ಲಿ ಹೋರಾಡಿದವರಾದರೆ ಖಂಡಿತ ಹೋಗಿ, ಸೇನೆ ಅವರಿಗಾಗಿಯೇ ಆ ದಿನಗಳನ್ನು ಇಟ್ಟಿದೆ. ಉಳಿದ ನಮ್ಮಂಥವರಿಗೆ ಅದು ಸರಿಯಾದ ದಿನವಲ್ಲ. ಗಣ್ಯರ ಭದ್ರತೆ, ರಸ್ತೆ ತಡೆ, ರೂಮಿಗೆ ಎರಡು ಮೂರು ಪಟ್ಟು ಬಾಡಿಗೆ. ಇಷ್ಟೆಲ್ಲ ಆಗಿ ಸ್ಮಾರಕವನ್ನು ದೂರದಿಂದ ನೋಡಬೇಕು. ಜೂನ್ ಎರಡನೇ ವಾರ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜೂನ್ 13 ತೋಲೋಲಿಂಗ್ ಗೆದ್ದ ದಿನ.

ಹೊತ್ತು ಬೆಳಗಿನದೇ ಆಗಲಿ. ಶ್ರೀನಗರದಿಂದ ಬರುವ ಗಾಡಿಗಳು ಹನ್ನೊಂದರ ಮೇಲೆ ಬಂದು ಸೇರುತ್ತವೆ, ಮಧ್ಯಾಹ್ನಕ್ಕೆ ಲೇಹ್ ಕಡೆಯವೂ ಬರುತ್ತವೆ. ಆಮೇಲೆ ಗಾಳಿಯೂ ಏಳುತ್ತದೆ, ಶಿಖರಗಳಿಗೆ ಮೋಡ ಕವಿಯುತ್ತದೆ. ರಾತ್ರಿ ದ್ರಾಸ್‌ನಲ್ಲಿ ಉಳಿದವರಿಗೆ ಮಾತ್ರ ಬೆಳಿಗ್ಗೆ ಜನವಿಲ್ಲದ ಸ್ಮಾರಕ ಸಿಗುತ್ತದೆ. ಪೇಟೆಯಿಂದ ಸ್ಥಳೀಯ ಟ್ಯಾಕ್ಸಿ ಮಾಡಿ, ‘ಎರಡು ಗಂಟೆ ವೇಟಿಂಗ್ ಸೇರಿ’ ಎಂದು ಒಟ್ಟು ಮೊತ್ತಕ್ಕೆ ಒಪ್ಪಿಸಿ.

ಒಳಗೆ ಹೋದವರು ಮೊದಲು ಧ್ವಜದ ಕಡೆ ಓಡಬೇಡಿ. ಕರ್ತವ್ಯದಲ್ಲಿರುವ ಸೈನಿಕರು ಆಗಾಗ ಜನರನ್ನು ಗುಂಪು ಸೇರಿಸಿ, ಸುತ್ತಲಿನ ಶಿಖರಗಳನ್ನು ಕೈಯಲ್ಲಿ ತೋರಿಸುತ್ತ ಯುದ್ಧವನ್ನು ವಿವರಿಸುತ್ತಾರೆ. ಹಿಂದಿಯಲ್ಲೇ ಹೇಳುವುದರಿಂದ ಹಿಂದಿ ಬರದ ಹಿರಿಯರ ಪಕ್ಕದಲ್ಲಿ ಯಾರಾದರೂ ನಿಂತು ಕನ್ನಡದಲ್ಲಿ ಹೇಳುತ್ತಿರಲಿ. ಅದನ್ನು ಕೇಳದಿದ್ದರೆ ಉಳಿದದ್ದೆಲ್ಲ ಬರೀ ಕಲ್ಲು. ತೋಲೋಲಿಂಗ್‌ಗೆ ಯಾಕೆ ಅಷ್ಟು ರಕ್ತ ಹರಿಯಿತು ಎಂಬುದು ಅಲ್ಲಿ ನಿಂತರೆ ತಾನೇ ತಿಳಿಯುತ್ತದೆ. ಬೆಟ್ಟದ ತುದಿಯಿಂದ ಲೇಹ್ ಹೆದ್ದಾರಿ ಅಂಗೈ ಮೇಲಿನ ಗೆರೆಯಂತೆ ಕಾಣುತ್ತದೆ. ಮೇಲೆ ಕುಳಿತ ಪಾಕಿಸ್ತಾನದ ಸೈನಿಕ ಹೇಳಿದ ಜಾಗಕ್ಕೆ ಶೆಲ್ ಬೀಳುತ್ತಿತ್ತು. ಇಳಿಜಾರಿನಲ್ಲಿ ಒಂದು ಮರವಿಲ್ಲ, ಮರೆಯಿಲ್ಲ. ರಾತ್ರಿ ಕತ್ತಲಲ್ಲೇ ಹತ್ತಬೇಕಿತ್ತು. 18 ಗ್ರೆನೇಡಿಯರ್ಸ್ ಬೆಟಾಲಿಯನ್ ಮೇ ತಿಂಗಳಿಂದ ಹೋರಾಡಿ ತುಂಬ ಜನರನ್ನು ಕಳೆದುಕೊಂಡಿತು, ಕೊನೆಗೆ 1999ರ ಜೂನ್ 13ರಂದು 2 ರಜಪುತಾನಾ ರೈಫಲ್ಸ್ ಬೆಟಾಲಿಯನ್ ಅದನ್ನು ಗೆದ್ದಿತು. ಟೈಗರ್ ಹಿಲ್ ಜುಲೈ 4ರಂದು ಕೈಗೆ ಬಂತು. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಜೀವ ಕೊಟ್ಟ ಪಾಯಿಂಟ್ 4875 ಶಿಖರ ಯಾವುದು, 2022ರಲ್ಲಿ ‘ಗನ್ ಹಿಲ್’ ಎಂದು ಹೆಸರಾದ ಪಾಯಿಂಟ್ 5140 ಯಾವುದು ಎಂದು ಕೇಳಿದರೆ ಸೈನಿಕರು ಬೇಸರಿಸದೆ ಹೇಳುತ್ತಾರೆ.

ಅದೇ ಯುದ್ಧದಲ್ಲಿ ಹುತಾತ್ಮರಾದ ಮನೋಜ್ ಪಾಂಡೆ ಹೆಸರಿನ ಗ್ಯಾಲರಿಯನ್ನು ವಿವರಣೆ ಕೇಳಿದ ಮೇಲೆ ನೋಡಿ. ಅಂಗಡಿಯ ಟೀ ಶರ್ಟು, ಕೀಚೈನುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಸ್ಮಾರಕದ ಆವರಣದಲ್ಲೇ ಇರುವ ವೀರ ಭೂಮಿಯ, ಯೋಧರ ಹೆಸರಿನ ಸಾಲು ಸಾಲು ಕಲ್ಲುಗಳ ಬಗ್ಗೆ ಒಂದು ಮಾತು. ಅವು ಸಮಾಧಿಗಳಲ್ಲ. ಹಿಂದಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಅಂತ್ಯಸಂಸ್ಕಾರ ಮುಗಿಯುತ್ತಿತ್ತು, ಕಾರ್ಗಿಲ್‌ನಲ್ಲಿ ಪಾರ್ಥಿವ ಶರೀರಗಳನ್ನು ಅವರವರ ಊರಿಗೆ ಕಳಿಸಲಾಯಿತು. ನಮ್ಮ ಕಡೆಯ ಯೋಧರ ಸಮಾಧಿ ಇರುವುದು ಅವರವರ ಊರಿನಲ್ಲೇ. ಸರ್ಕಾರಿ ಲೆಕ್ಕದಲ್ಲಿ ಆ ಯುದ್ಧದಲ್ಲಿ ಮಡಿದವರು 527. ನಿಮ್ಮೂರಿನ, ನಿಮ್ಮ ತಾಲ್ಲೂಕಿನ ಒಬ್ಬರ ಹೆಸರನ್ನು ಹುಡುಕಬೇಕೆಂದಿದ್ದರೆ ಪೂರ್ತಿ ಹೆಸರು, ಹುದ್ದೆ, ಯಾವ ಯೂನಿಟ್ ಎಂಬುದನ್ನು ಮೊದಲೇ ಇಂಗ್ಲಿಷ್‌ನಲ್ಲಿ ಬರೆದುಕೊಂಡು ಹೋಗಿ. ರಾಜ್ಯ ಹೇಳಿದರೆ ಸಿಗುವುದಿಲ್ಲ. ಕನ್ನಡಿಗರೆಂದರೆ ಮದ್ರಾಸ್ ರೆಜಿಮೆಂಟ್ ಅಥವಾ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಎಂದು ಅಲ್ಲಷ್ಟೇ ಹುಡುಕುವವರಿದ್ದಾರೆ. ಆರ್ಟಿಲರಿ, ಎಂಜಿನಿಯರ್ಸ್, ಸಿಗ್ನಲ್ಸ್‌ಗಳಲ್ಲೂ ನಮ್ಮವರಿದ್ದಾರೆ. ಕಾಗುಣಿತವೂ ಬದಲಾಗಿರಬಹುದು, ಅಪ್ಪನ ಹೆಸರು, ಊರಿನ ಹೆಸರು ಬರೀ ಇನಿಶಿಯಲ್ ಆಗಿರುತ್ತವೆ.

ಹೂವು ಇಡುವ ಮನಸ್ಸಿದ್ದರೆ ಶ್ರೀನಗರದಲ್ಲೇ ತೆಗೆದುಕೊಳ್ಳಿ, ಎಲ್ಲಿ ಇಡಬಹುದು ಎಂದು ಕರ್ತವ್ಯದಲ್ಲಿರುವವರನ್ನು ಕೇಳಿ ಇಡಿ. ಕಲ್ಲುಗಳಿಗೆ ಒರಗಿ ರೀಲ್ಸ್ ಮಾಡುವ ಗುಂಪು ಒಂದಾದರೂ ಸಿಗುತ್ತದೆ. ಅದರಲ್ಲಿ ನಮ್ಮ ಬೆಂಗಳೂರಿನವರು ಇಲ್ಲದಿದ್ದರೆ ಪುಣ್ಯ.

ದ್ರಾಸ್‌ನ ರೂಮುಗಳು ದುಡ್ಡಿಗೆ ತಕ್ಕಂತಿಲ್ಲ. ‘ಗೀಸರ್ ಇದೆ’ ಎಂದರೆ ಗೀಸರ್ ಗೋಡೆಯ ಮೇಲಿದೆ ಎಂದಷ್ಟೇ ಅರ್ಥ; ಕರೆಂಟ್ ಇದೆಯೇ, ಬಿಸಿನೀರು ಬಕೆಟ್‌ನಲ್ಲಿ ತಂದುಕೊಡುತ್ತಾರೆಯೇ ಎಂದು ಬೇರೆಯೇ ಕೇಳಬೇಕು. 3,500 ಕೇಳಿದ ಕಡೆಯೇ ಬಾಗಿಲಿಗೆ ಬೋಲ್ಟ್ ಇರಲಿಲ್ಲ, ರಜಾಯಿ ಹಸಿ ಹಸಿ. ಹಾಸಿಗೆ ಮುಟ್ಟಿ ನೋಡದೆ ದುಡ್ಡು ಕೊಡಬೇಡಿ. ಇನ್ನೊಂದು ರಜಾಯಿಯನ್ನು ಹಗಲಲ್ಲೇ ಕೇಳಿ ಇಸಿದುಕೊಳ್ಳಿ. ಎತ್ತರ 10,000 ಅಡಿಗೂ ಹೆಚ್ಚು, ಜೂನ್‌ನಲ್ಲೂ ರಾತ್ರಿ ಚಳಿ ನಡುಗಿಸುತ್ತದೆ. ತಲೆ ಭಾರವಾದರೆ ನೀರು ಕುಡಿದು ಮಲಗಿ. ವಾಂತಿ ಶುರುವಾದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

ಊಟದ ವಿಷಯದಲ್ಲಿ ಮಾತ್ರ ದ್ರಾಸ್ ಮೇಲು. ಪೇಟೆಯ ಮುಖ್ಯ ರಸ್ತೆಯಲ್ಲಿ ಲಾರಿಗಳು ನಿಂತಿರುವ ಪುಟ್ಟ ಢಾಬಾ ನೋಡಿ ಒಳಗೆ ಹೋಗಿ, ರಾಜ್ಮಾ ಚಾವಲ್ ಹೇಳಿ. ಆ ಎತ್ತರದಲ್ಲಿ ನೀರು 90 ಡಿಗ್ರಿಯೊಳಗೇ ಕುದಿದುಬಿಡುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಯುವುದಿಲ್ಲ. ಕುಕ್ಕರ್ ಸೀಟಿ ಕೇಳಿಸುವ ಢಾಬಾದಲ್ಲೇ ಕೂರಿ. ಅಲ್ಲಿನ ರಾಜ್ಮಾ ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿರುತ್ತದೆ, ಸಾರು ಗಟ್ಟಿ, ಶುಂಠಿ ಜಾಸ್ತಿ, ಎಣ್ಣೆ ಕಡಿಮೆ, ಪಕ್ಕಕ್ಕೆ ಹಸಿ ಈರುಳ್ಳಿ. ಅನ್ನವನ್ನು ಎರಡನೇ ಸಲ ಕೇಳದೆಯೇ ಬಡಿಸಿದರು, ರಾಜ್ಮಾವನ್ನೂ ಹಾಕಿದರು, ಎರಡಕ್ಕೂ ಬೇರೆ ದುಡ್ಡು ಹಿಡಿಯಲಿಲ್ಲ. ಹೊಟ್ಟೆ ತುಂಬ ಉಂಡು ಚಹಾ ಕುಡಿದರೂ ಶ್ರೀನಗರದ ಒಂದು ಕಾಫಿಯ ಬೆಲೆ ಆಗಲಿಲ್ಲ. ಮಾಂಸದ ಅಡುಗೆ ಅದೇ ಒಲೆಯಲ್ಲಿ ಆಗುತ್ತದೆ, ಅದು ಒಪ್ಪದವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಬಿಸಿನೀರು ಹಾಕಿ ಮುಚ್ಚಿಡುವ ಕಪ್ ಉಪ್ಪಿಟ್ಟು ಅಲ್ಲಿ ಡಬ್ಬಿ ಮೇಲೆ ಬರೆದ ಹೊತ್ತಿಗೆ ಮೆತ್ತಗಾಗದು, ಇನ್ನೂ ಐದು ನಿಮಿಷ ಬಿಡಬೇಕು.

ನಗದು ಇಟ್ಟುಕೊಳ್ಳಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಕಾಶ್ಮೀರ, ಲಡಾಖ್ ಎರಡರಲ್ಲೂ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಸಿಗ್ನಲ್ ಇಲ್ಲವೆಂದರೆ ಯುಪಿಐ ಕೂಡ ಇಲ್ಲ. ಗುಂಪಿನಲ್ಲಿ ಒಬ್ಬರಾದರೂ ಹೊರಡುವ ವಾರದ ಮುಂಚೆ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಿ.

ದ್ರಾಸ್‌ನಿಂದ ಕಾರ್ಗಿಲ್‌ಗೆ ಮಧ್ಯಾಹ್ನದ ಮೇಲೆ ರಸ್ತೆ ಬದಿ ನಿಂತು ಕೈ ತೋರಿಸಿದರೆ ಪ್ರಯೋಜನವಿಲ್ಲ, ಶ್ರೀನಗರದಿಂದ ಬರುವ ಸುಮೊಗಳೆಲ್ಲ ತುಂಬಿರುತ್ತವೆ. ಸ್ಮಾರಕಕ್ಕೆ ಕರೆದೊಯ್ದ ಟ್ಯಾಕ್ಸಿಯವನನ್ನೇ ಕಾರ್ಗಿಲ್‌ವರೆಗೆ ಬಿಡಲು ಒಪ್ಪಿಸಿ, ಲಗೇಜನ್ನು ಬೆಳಿಗ್ಗೆಯೇ ಗಾಡಿಗೆ ಹಾಕಿಬಿಡಿ. ಸ್ಮಾರಕ ಹೇಗೂ ಅದೇ ದಾರಿಯಲ್ಲಿದೆ.