ಎಫ್2 ಒತ್ತಿದ್ರೆ
ಮಡಿಕೇರೀಲಿ ಇವತ್ತು ಎದುರಿನ ಮನೇನೂ ಕಾಣದಷ್ಟು ಮಂಜು. ಒಳಗೆ ನಾನು ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಆಟ ಎಕ್ಸ್-ಪ್ಲೇನ್ ಮುಚ್ಚಿ, ಅಂಥದ್ದೇ ಇನ್ನೊಂದು, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಓಪನ್ ಮಾಡ್ದೆ, ಅದೇ ಪುಟ್ಟ ಸೆಸ್ನಾ 172 ವಿಮಾನ, ಕಣ್ಣೂರಿಂದ ಎದ್ದು ತಡಿಯಂಡಮೋಳ್ ಬೆಟ್ಟದ ಕಡೆಗೆ.

ಎಕ್ಸ್-ಪ್ಲೇನಲ್ಲಿ ಎಫ್2 ಕೀ ಒತ್ತಿದ್ರೆ ಇಂಜಿನ್ ಪವರ್ ಏರುತ್ತೆ, ಇಲ್ಲಿ ಅದೇ ಕೀ ಒತ್ತಿದ್ರೆ ಇಳಿಯುತ್ತೆ! ಬೆರಳಿಗೆ ಇದನ್ನ ಯಾರು ಹೇಳೋದು ಮಾರಾಯ್ರೇ.

ಎಕ್ಸ್-ಪ್ಲೇನ್ ರೆಕ್ಕೇನ ತುಂಡು ತುಂಡು ಮಾಡಿ ಒಂದೊಂದ್ರ ಮೇಲೂ ಗಾಳಿ ಎಷ್ಟು ತಳ್ಳುತ್ತೆ ಅಂತ ಲೆಕ್ಕ ಹಾಕುತ್ತೆ, ಹಾರಿಸೋ ಖುಷಿ ನಂಗೆ ಅದ್ರಲ್ಲೇ ಜಾಸ್ತಿ. ಆದ್ರೆ ಇದ್ರಲ್ಲಿ ಸ್ಯಾಟಲೈಟ್ ಫೋಟೋನೇ ನೆಲ, 1748 ಮೀಟರ್ ಬೆಟ್ಟ ದಾಟಿದ್ಮೇಲೆ ಕೆಳಗೆ ಕಕ್ಕಬ್ಬೆ ಕಡೆ ತೋಟ, ಗದ್ದೆ. ಏರ್‌ಪೋರ್ಟೇ ಇಲ್ಲದ ಜಿಲ್ಲೆಯವ್ರಿಗೆ ಊರನ್ನ ಮೇಲಿಂದ ನೋಡೋಕೆ ಇನ್ನೇನು ದಾರಿ ಹೇಳಿ.

ಎರಡನ್ನೂ ಡಿಲೀಟ್ ಮಾಡಲ್ಲ. ಹಾರ್ಡ್‌ಡಿಸ್ಕ್ ಅಳ್ತಿದೆ, ಅಳ್ಲಿ.